ಬಾಗಿದ ಬೆನ್ನನ್ನು ಗದರಿಸಬೇಡಿ



ಹೋದ ತಿಂಗಳು ಈ ಅಂಕಣದಲ್ಲಿ ಅರಿಶಿನದ ಗಡ್ಡೆ ಕೊಳೆಯುವ ರೋಗದ ಬಗ್ಗೆ ಬರೆದಿದ್ದೆವು. ಈ ತಿಂಗಳು ಮನುಷ್ಯರಿಗೆ ಬರುವ ಒಂದು ರೋಗದ ವಿಷಯ. ಅದನ್ನು ಆರಂಭಿಸುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಪೀಠಬಾಲಕರಲ್ಲಿ ಹದಿಮೂರು ವರ್ಷದ ಒಬ್ಬ ಹುಡುಗನಿದ್ದಾನೆ. ತೆಳ್ಳಗಿನ ಮೈ, ಮುಂದಕ್ಕೆ ಬಾಗಿದ ಹೆಗಲು, ಸ್ವಲ್ಪ ಗೂನಾದ ಬೆನ್ನು. ಬಲಿಪೂಜೆಯ ನಡುವೆ ಎರಡು ಕೈಗಳನ್ನೂ ತೊಡೆಯ ಮೇಲೆ ಊರಿಕೊಂಡು ಬಗ್ಗಿ ನಿಂತುಬಿಡುತ್ತಿದ್ದ. "ನೆಟ್ಟಗೆ ನಿಲ್ಲು, ದೇವರ ಸನ್ನಿಧಿಯಲ್ಲಿ ಹೀಗೇ ನಿಲ್ಲುವುದು?" ಎಂದು ಎಲ್ಲರ ಎದುರಿಗೆ ಎರಡು ಮೂರು ಸಲ ನಾವು ಗದರಿಸಿದ್ದುಂಟು. ಮನೆಯಲ್ಲೂ ಶಾಲೆಯಲ್ಲೂ ಅವನ ಕಿವಿಗೆ ಬೀಳುತ್ತಿದ್ದುದು ಅದೇ ಮಾತು. ಓಡಲಾರ, ಹೊರೆ ಹೊರಲಾರ, ಊಟ ಮಾತ್ರ ಇಬ್ಬರಷ್ಟು ಎಂದು ತಂದೆ ಬೇಸರಪಟ್ಟುಕೊಂಡರು. ಹಸುಗೂಸಾಗಿದ್ದಾಗಿನಿಂದ ಕೆಮ್ಮು. ಕ್ಷಯವಿರಬಹುದೆಂದು ಎರಡು ಸಲ ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದ್ದೂ ಆಗಿತ್ತು.

ಎರಡು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಅವನು ಹೊಲದಲ್ಲಿ ಕುಸಿದು ಬಿದ್ದ. ಆಸ್ಪತ್ರೆಗೆ ಸೇರಿಸಿದಾಗ ರಕ್ತದಲ್ಲಿ ಉಪ್ಪಿನಂಶ ತೀರಾ ಇಳಿದಿರುವುದು ಕಂಡುಬಂತು. ಕರ್ತವ್ಯದಲ್ಲಿದ್ದ ಕಿರಿಯ ವೈದ್ಯೆಯೊಬ್ಬರು ತಾಯಿಯನ್ನು ಒಂದು ಪ್ರಶ್ನೆ ಕೇಳಿದರು: "ಮಗನ ಹಣೆಗೆ ಮುತ್ತಿಟ್ಟಾಗ ನಾಲಗೆಗೆ ಉಪ್ಪು ತಾಗುತ್ತದೆಯೇ?" ಹುಟ್ಟಿದಾಗಿನಿಂದಲೂ ಹಾಗೆಯೇ, ಅಂಗಿ ಒಣಗಿದರೆ ಬೆನ್ನ ಮೇಲೆ ಬಿಳಿಯ ಉಪ್ಪಿನ ಗೆರೆ ಮೂಡುತ್ತದೆ ಎಂದರು ತಾಯಿ. ಅಷ್ಟು ವರ್ಷ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆ ಮೇಲೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ದೂರದ ಊರಿನ ದೊಡ್ಡ ಆಸ್ಪತ್ರೆಗೆ ಆ ಮನೆಯವರ ಜೊತೆ ನಾವೂ ಹೋದೆವು. ಬೆವರಿನ ಪರೀಕ್ಷೆ ಆಯಿತು. ರೋಗದ ಹೆಸರು ಸಿಸ್ಟಿಕ್ ಫೈಬ್ರೋಸಿಸ್ ಎಂದು ತಿಳಿಯಿತು.

ಹೆಸರು ಹಾಕದೆ ಇದನ್ನು ಬರೆಯಲು ಆ ಮನೆಯವರು ಒಪ್ಪಿದ್ದಾರೆ. "ಬರೆಯಿರಿ ಫಾದರ್, ಇನ್ನು ಮುಂದೆ ಯಾರೂ ಬಯ್ಯುವುದಿಲ್ಲ" ಎಂದು ಹುಡುಗನೇ ಹೇಳಿದ.

ಇದು ಎಂಥ ರೋಗ?

ಇದು ಹುಟ್ಟಿನಿಂದ ಬರುವ ರೋಗ. ಅಂಟುರೋಗವಲ್ಲ, ಜೊತೆಯಲ್ಲಿ ಕುಳಿತು ಉಂಡರೆ, ಆಡಿದರೆ ಆರೋಗ್ಯವಂತರಿಗೆ ಬರುವುದಿಲ್ಲ. 1938ರಲ್ಲಿ ನ್ಯೂಯಾರ್ಕಿನ ಡಾ. ಡೊರೊಥಿ ಆಂಡರ್ಸನ್ ಎಂಬ ಮಹಿಳೆ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿ ವಿವರಿಸಿದರು. 1948ರ ಬೇಸಿಗೆಯಲ್ಲಿ ಅದೇ ನಗರದಲ್ಲಿ ಸೆಕೆ ವಿಪರೀತವಾದಾಗ ಬಳಲಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಈ ರೋಗವಿದ್ದವರೇ ಹಲವರು. ಅದರ ಜಾಡು ಹಿಡಿದು ಹೋದ ಡಾ. ಪಾಲ್ ಡಿ ಸಾಂತ್ ಆನ್ಯೆಸೆ, ಇವರ ಬೆವರಿನಲ್ಲಿ ಉಪ್ಪು ಅತಿಯಾಗಿದೆ ಎಂಬುದನ್ನು 1953ರಲ್ಲಿ ತೋರಿಸಿಕೊಟ್ಟರು. ಬೆವರಿನ ಪರೀಕ್ಷೆ ಇಂದಿಗೂ ಈ ರೋಗವನ್ನು ಗುರುತಿಸುವ ಮುಖ್ಯ ದಾರಿ. ಒಂದು ಲೀಟರ್ ಬೆವರಿನಲ್ಲಿ ಕ್ಲೋರೈಡ್ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರೋಗವಿದೆ ಎಂದು ಬಲವಾಗಿ ಶಂಕಿಸುತ್ತಾರೆ.

ರೋಗಕ್ಕೆ ಕಾರಣವಾದ ಜೀನ್ 1989ರಲ್ಲಿ ಪತ್ತೆಯಾಯಿತು. ನಮ್ಮ ದೇಹದ ಜೀವಕೋಶಗಳ ಗೋಡೆಯಲ್ಲಿ ಉಪ್ಪಿನಂಶ ಓಡಾಡುವುದಕ್ಕೆ ಒಂದು ತೂಬು ಇದೆ ಎಂದು ತಿಳಿಯಿರಿ. ಆ ತೂಬನ್ನು ಕಟ್ಟುವುದು ಈ ಜೀನ್‌ನ ಕೆಲಸ. ತೂಬು ಕೆಟ್ಟರೆ ಬೆವರಿನಲ್ಲಿ ಉಪ್ಪು ಸೋರಿಹೋಗುತ್ತದೆ. ಶ್ವಾಸಕೋಶದಲ್ಲಿ ಇದಕ್ಕೆ ವಿರುದ್ಧ: ಉಪ್ಪಿನ ಜೊತೆ ಹೊರಬರಬೇಕಾದ ನೀರು ಬಾರದೆ ಕಫ ಒಣಗಿ ಅಂಟಿನಂತೆ ಗಟ್ಟಿಯಾಗುತ್ತದೆ. ಹೂಳು ತುಂಬಿದ ಕಾಲುವೆಯಲ್ಲಿ ನೀರು ನಿಂತು ಕೊಳೆಯುವಂತೆ, ಆ ಕಫದಲ್ಲಿ ರೋಗಾಣುಗಳು ನೆಲೆಯೂರುತ್ತವೆ. ಮೇದೋಜೀರಕ ಗ್ರಂಥಿಯ ನಾಳಗಳೂ ಕಟ್ಟಿಕೊಳ್ಳುವುದರಿಂದ ಕೊಬ್ಬು ಜೀರ್ಣವಾಗದೆ ಮಲ ಜಿಡ್ಡಾಗುತ್ತದೆ. ಎಷ್ಟು ಉಂಡರೂ ಮೈ ಹಿಡಿಯದಿರುವುದು ಅದರಿಂದಲೇ.

ಇದು ಯಾರ ಪಾಪದ ಫಲವೂ ಅಲ್ಲ. ತಂದೆ ತಾಯಿ ಇಬ್ಬರೂ ತಮಗೇ ತಿಳಿಯದೆ ಕೆಟ್ಟ ಜೀನ್‌ನ ಒಂದೊಂದು ಪ್ರತಿಯನ್ನು ಹೊತ್ತಿದ್ದರೆ, ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ರೋಗ ಬರುವ ಸಂಭವವಿದೆ. ರಕ್ತಸಂಬಂಧದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಅದೇ ಜೀನ್ ಇರುವ ಸಂಭವ ಹೆಚ್ಚು. ಧರ್ಮಸಭೆಯ 1983ರ ಕಾನೂನು ಸಂಹಿತೆ ಸೋದರಿಕೆಯ ಮದುವೆಗೆ ತಡೆ ಹಾಕಿದೆ. ಅತ್ತೆಯ ಮಗಳು, ಮಾವನ ಮಗ ಎಂದು ವಿನಾಯಿತಿ ಕೇಳಿಕೊಂಡು ಬರುವವರು ಈ ಮಾತನ್ನೂ ಯೋಚಿಸಬೇಕು. ಹಾಗೆಂದು ಸಂಬಂಧವಿಲ್ಲದವರ ಮಕ್ಕಳಿಗೆ ಈ ರೋಗ ಬರುವುದೇ ಇಲ್ಲ ಎಂದು ಅರ್ಥವಲ್ಲ.

ಇದು ಬಿಳಿಯರ ರೋಗ, ನಮ್ಮಲ್ಲಿ ಇಲ್ಲ ಎಂದು ಬಹುಕಾಲ ನಂಬಲಾಗಿತ್ತು. ಆದರೆ 1960ರ ದಶಕದ ಕೊನೆಯಲ್ಲೇ ಭಾರತದ ವೈದ್ಯರು ಇಲ್ಲಿನ ಮಕ್ಕಳಲ್ಲಿ ಇದನ್ನು ಕಂಡು ಬರೆದಿದ್ದಾರೆ. ಇಲ್ಲಿ ಅನೇಕ ಸಲ ಇದು ಕ್ಷಯ, ಅಸ್ತಮಾ ಎಂಬ ಹೆಸರಿನಲ್ಲಿ ಅಡಗಿರುತ್ತದೆ.

ಬೆನ್ನು ಏಕೆ ಬಾಗುತ್ತದೆ?

ನಮ್ಮ ತಪ್ಪು ಇದ್ದುದು ಇಲ್ಲಿಯೇ. ಬೆನ್ನು ಬಾಗುವುದು ಅಭ್ಯಾಸದಿಂದ, ಸೋಮಾರಿತನದಿಂದ ಎಂದು ನಾವು ತಿಳಿದಿದ್ದೆವು. ಫಿಸಿಯೋಥೆರಪಿಯ ತಜ್ಞರು ನಮ್ಮನ್ನು ಕೂರಿಸಿಕೊಂಡು ಕಾರಣಗಳನ್ನು ಒಂದೊಂದಾಗಿ ಹೇಳಿದರು.

ಮೊದಲನೆಯದು, ಕಫ ಕಟ್ಟಿದ ಶ್ವಾಸನಾಳಗಳಿಂದ ಉಸಿರು ಪೂರ್ತಿ ಹೊರಗೆ ಹೋಗುವುದಿಲ್ಲ. ಒಳಗೇ ಉಳಿದ ಗಾಳಿಯಿಂದ ಎದೆ ಪೀಪಾಯಿಯಂತೆ ಉಬ್ಬಿ, ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯು ಚಪ್ಪಟೆಯಾಗುತ್ತದೆ. ಆಗ ಕತ್ತು, ಹೆಗಲುಗಳ ಸ್ನಾಯುಗಳು ಉಸಿರೆಳೆಯುವ ಕೆಲಸಕ್ಕೆ ನಿಲ್ಲುತ್ತವೆ. ಹೆಗಲು ಮೇಲೇರಿ ಮುಂದಕ್ಕೆ ಬರುತ್ತದೆ.

ಎರಡನೆಯದು, ವಪೆ, ಪಕ್ಕೆಯ ಸ್ನಾಯು, ಹೊಟ್ಟೆಯ ಸ್ನಾಯು ಇವುಗಳಿಗೆ ಎರಡು ಕೆಲಸ: ಉಸಿರಾಡಿಸುವುದು ಮತ್ತು ನಡುವನ್ನು ನೆಟ್ಟಗೆ ಹಿಡಿಯುವುದು. ಒಂದೇ ಜೋಡಿ ಎತ್ತನ್ನು ಏಕಕಾಲಕ್ಕೆ ಗಾಡಿಗೂ ನೇಗಿಲಿಗೂ ಕಟ್ಟಲಾಗುವುದಿಲ್ಲವಲ್ಲ. ಉಸಿರಿನ ಕೆಲಸ ಭಾರವಾದಾಗ ಬೆನ್ನನ್ನು ಹಿಡಿಯುವ ಕೆಲಸ ಹಿಂದೆ ಬೀಳುತ್ತದೆ.

ಮೂರನೆಯದು ಕೆಮ್ಮು. ದಿನವೂ ನೂರಾರು ಸಲ ಮುಂದಕ್ಕೆ ಬಗ್ಗಿ ಕೆಮ್ಮುವವನ ಎದೆಯ ಮುಂಭಾಗದ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಬೆನ್ನಿನವು ಸೋಲುತ್ತವೆ.

ನಾಲ್ಕನೆಯದು ಮೂಳೆ. ಕೊಬ್ಬು ಜೀರ್ಣವಾಗದಿದ್ದರೆ ಅದರ ಜೊತೆಗೇ ಮೈಗೆ ಸೇರಬೇಕಾದ ಡಿ, ಕೆ ಜೀವಸತ್ವಗಳು ಸಿಗುವುದಿಲ್ಲ. ಮೂಳೆ ಸತ್ವ ಕಳೆದುಕೊಂಡು ಬೆನ್ನುಮೂಳೆಯ ಮಣಿಗಳ ಮುಂಭಾಗ ಕುಸಿಯಬಹುದು.

ಹೀಗೆ ಬಾಗಿದ ಬೆನ್ನು ಉಸಿರಿಗೆ ಇನ್ನಷ್ಟು ಅಡ್ಡಿ ಮಾಡುತ್ತದೆ. ಕಮ್ಮಾರನ ತಿದಿಯ ಹಲಗೆಗಳು ಪೂರ್ತಿ ತೆರೆದರೆ ತಾನೇ ಗಾಳಿ ತುಂಬುವುದು? ಗೂನಾದ ಎದೆಯಲ್ಲಿ ಪಕ್ಕೆಲುಬುಗಳು ಒತ್ತಿಕೊಂಡು ಅಗಲಲಾರವು. ಉಸಿರು ಕಡಿಮೆಯಾದರೆ ಓಡಾಟ ಕಡಿಮೆ, ಓಡಾಟ ಕಡಿಮೆಯಾದರೆ ಕಫ ಇನ್ನೂ ಗಟ್ಟಿ, ಬೆನ್ನು ಇನ್ನೂ ದುರ್ಬಲ. ಗಾಣದ ಎತ್ತಿನಂತೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ.

ಇನ್ನೊಂದು ಮಾತು ನಮ್ಮ ಮನಸ್ಸಿಗೆ ನಾಟಿತು. ಮೇಲುಸಿರು ಬಂದಾಗ ಕೈಗಳನ್ನು ತೊಡೆಯ ಮೇಲೆ ಊರಿ ಮುಂದಕ್ಕೆ ಬಗ್ಗುವುದು ಉಸಿರಾಟವನ್ನು ಹಗುರ ಮಾಡಿಕೊಳ್ಳಲು ದೇಹವೇ ಕಂಡುಕೊಂಡ ಉಪಾಯ. ಪೀಠದ ಬಳಿ ಆ ಹುಡುಗ ಮಾಡುತ್ತಿದ್ದುದು ಅದನ್ನೇ. ನೆಟ್ಟಗೆ ನಿಲ್ಲು ಎಂದಾಗ ಅವನಿಂದ ನಾವು ಆ ಉಸಿರನ್ನು ಕಸಿದುಕೊಂಡಂತಾಗಿತ್ತು.

ಶಕ್ತಿಯನ್ನು ಅಳೆಯುವುದು ಹೇಗೆ?

ಒಂದು ಕೊಳವೆಗೆ ಬಲವಾಗಿ ಊದಿಸಿ, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂದು ಅಳೆಯುತ್ತಾರೆ. ಅದೇ ವಯಸ್ಸು, ಎತ್ತರದ ಆರೋಗ್ಯವಂತರಿಗೆ ಹೋಲಿಸಿ ಶೇಕಡಾ ಇಷ್ಟು ಎಂದು ಬರೆಯುತ್ತಾರೆ. ಬೆನ್ನು ಬಾಗಿದ್ದರೆ ಎತ್ತರ ಕಡಿಮೆಯೆಂದು ದಾಖಲಾಗಿ, ಫಲಿತಾಂಶ ನಿಜಕ್ಕಿಂತ ಚೆನ್ನಾಗಿ ಕಾಣುವುದುಂಟು. ಅಂಥವರಿಗೆ ಚಾಚಿದ ತೋಳುಗಳ ಅಳತೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಇನ್ನೊಂದು ಪರೀಕ್ಷೆ ನಡಿಗೆಯದು. ಸಮತಟ್ಟಾದ ಪಡಸಾಲೆಯಲ್ಲಿ 6 ನಿಮಿಷ ಹಿಂದೆ ಮುಂದೆ ನಡೆಸಿ ಎಷ್ಟು ದೂರ ನಡೆದರು, ರಕ್ತದಲ್ಲಿ ಆಮ್ಲಜನಕ ಎಷ್ಟು ಇಳಿಯಿತು ಎಂದು ನೋಡುತ್ತಾರೆ.

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಪೆಟ್ರಿಷಿಯಾ ನಿಕ್ಸನ್ ಮತ್ತು ಸಂಗಡಿಗರು 109 ರೋಗಿಗಳ ವ್ಯಾಯಾಮ ಶಕ್ತಿಯನ್ನು ಅಳೆದು 8 ವರ್ಷ ಅವರ ಜಾಡು ಹಿಡಿದರು. 1992ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಶಕ್ತಿ ಅತಿ ಹೆಚ್ಚಿದ್ದ ಗುಂಪಿನಲ್ಲಿ ಶೇಕಡಾ 83 ಮಂದಿ ಬದುಕಿದ್ದರು. ನಡುವಿನ ಗುಂಪಿನಲ್ಲಿ ಶೇಕಡಾ 51. ಅತಿ ಕಡಿಮೆ ಇದ್ದವರಲ್ಲಿ ಶೇಕಡಾ 28 ಮಾತ್ರ. ರೋಗ ಹಗುರವಾಗಿದ್ದವರಿಗೆ ಶಕ್ತಿ ಹೆಚ್ಚಿತ್ತು ಎಂದೂ ಹೇಳಬಹುದು. ಇದರಿಂದ ವ್ಯಾಯಾಮವೇ ಆಯುಸ್ಸು ಕೊಡುತ್ತದೆ ಎಂದು ಸಾಧಿಸಿದಂತಾಗುವುದಿಲ್ಲ. ಆದರೆ ಅಂದಿನಿಂದ, ಈ ಮಕ್ಕಳನ್ನು ಮೂಲೆಯಲ್ಲಿ ಕೂರಿಸಿಡಬಾರದು ಎಂಬ ಅಭಿಪ್ರಾಯ ಎಲ್ಲೆಡೆ ಬಲವಾಗಿದೆ.

ಮನೆಯಲ್ಲಿ ಮಾಡಬೇಕಾದುದು

ಇತ್ತೀಚೆಗೆ ಕೆಟ್ಟ ತೂಬನ್ನೇ ಸರಿಪಡಿಸುವ ಔಷಧಿಗಳು ಬಂದಿವೆ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೂರು ಔಷಧಿಗಳ ಜೋಡಣೆ ಅನೇಕರ ಬದುಕನ್ನು ಬದಲಿಸಿದೆ. ಆದರೆ ಅಲ್ಲಿ ಅದರ ಬೆಲೆ ವರ್ಷಕ್ಕೆ ಮೂರು ಲಕ್ಷ ಡಾಲರಿಗೂ ಮೇಲೆ ನಿಗದಿಯಾಯಿತು. ಜೀನ್‌ನಲ್ಲಿ ಆಗುವ ಎಲ್ಲ ಬಗೆಯ ದೋಷಕ್ಕೂ ಅದು ಹೊಂದುವುದಿಲ್ಲ. ನಮ್ಮ ರೈತ ಕುಟುಂಬಗಳ ಕೈಯಲ್ಲಿರುವುದು ದಿನನಿತ್ಯದ ಆರೈಕೆ. ಅದು ಸಣ್ಣದಲ್ಲ.

1. ಕಫ ತೆಗೆಯುವುದು. ವೈದ್ಯರು ಹೇಳಿದಷ್ಟು ಸಲ, ಸಾಮಾನ್ಯವಾಗಿ ಬೆಳಿಗ್ಗೆ ಮತ್ತು ಸಂಜೆ, ಊಟಕ್ಕೆ ಮುಂಚೆ. ಹೆಗಲು ಸಡಿಲಬಿಟ್ಟು ಮೆಲ್ಲಗೆ ಉಸಿರಾಡಿ. ಮೂರು ನಾಲ್ಕು ಸಲ ಆಳವಾಗಿ ಉಸಿರೆಳೆದು ಕ್ಷಣಹೊತ್ತು ಹಿಡಿದು ಬಿಡಿ. ಅನಂತರ ಕನ್ನಡಕ ಒರೆಸುವಾಗ ಗಾಜಿಗೆ "ಹಾ" ಎಂದು ಊದುವಂತೆ ಬಾಯಿ ತೆರೆದು ಉಸಿರನ್ನು ದಬ್ಬಿ. ಬಂದ ಕಫವನ್ನು ಉಗುಳಿಸಿ. ನುಂಗಬಾರದು. ಈ ವಿಧಾನವನ್ನು ಒಮ್ಮೆ ಫಿಸಿಯೋಥೆರಪಿಯವರಿಂದ ಕಣ್ಣಾರೆ ಕಂಡು ಕಲಿಯಿರಿ. ಹಸುಗೂಸುಗಳನ್ನು ತಲೆಕೆಳಗಾಗಿ ಮಲಗಿಸಿ ಬೆನ್ನು ತಟ್ಟುವ ಹಳೆಯ ಕ್ರಮ ಬೇಡ. ಹಾಲು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು.

2. ಎದೆ ತೆರೆಯುವುದು. ಬಾಗಿಲಿನ ಚೌಕಟ್ಟಿಗೆ ಎರಡೂ ಮುಂಗೈ ಆನಿಸಿ ಒಂದು ಹೆಜ್ಜೆ ಮುಂದೆ ಇಟ್ಟು ನಿಲ್ಲುವುದು; ಸುತ್ತಿದ ಟವಲನ್ನು ಬೆನ್ನುಮೂಳೆಯ ಉದ್ದಕ್ಕೆ ಇಟ್ಟು ಅಂಗಾತ ಮಲಗಿ ತೋಳು ಚಾಚುವುದು; ಗೋಡೆಗೆ ಬೆನ್ನು ಕೊಟ್ಟು ಕೂತು ಕೈಗಳನ್ನು ತಲೆಯ ಮೇಲಕ್ಕೆ ಎತ್ತುವುದು. ನೋವಾಗುವಷ್ಟು ಬೇಡ. ಪುಸ್ತಕದ ಚೀಲ ಎರಡೂ ಹೆಗಲಿಗೆ ಇರಲಿ. ಬೆನ್ನು ಸುಧಾರಿಸಿದ ಮಾತ್ರಕ್ಕೆ ಶ್ವಾಸಕೋಶದ ರೋಗ ವಾಸಿಯಾಗುವುದಿಲ್ಲ. ಆದರೆ ಬೆನ್ನುನೋವು ಇಳಿಯಬಹುದು, ಎದೆ ಸಲೀಸಾಗಿ ಅಗಲಬಹುದು, ಕೆಮ್ಮಿ ಕಫ ತೆಗೆಯುವುದು ಸುಲಭವಾಗಬಹುದು.

3. ಓಡಾಟ. ನಡಿಗೆ, ಸೈಕಲ್, ಚೆಂಡಾಟ, ಯಾವುದಾದರೂ ಸರಿ, ದಿನವೂ ಇರಲಿ. ಮಾತಾಡಲು ಬರಬೇಕು, ಹಾಡಲು ಬರಬಾರದು. ಉಸಿರು ಅಷ್ಟು ಏರಿದರೆ ಸಾಕು. ಮೊದಲು ಕಫ ತೆಗೆದು ಆಮೇಲೆ ಆಟಕ್ಕೆ ಕಳುಹಿಸಿ. ಆಟದ ನಡುವೆ ಕೆಮ್ಮಿದರೆ ಗಾಬರಿ ಬೇಡ. ಕಫ ಕದಲುತ್ತಿದೆ ಎಂದು ತಿಳಿಯಿರಿ. ಹೆಣ್ಣುಮಕ್ಕಳನ್ನು ಮನೆಯೊಳಗೇ ಇರಿಸಬೇಡಿ, ಅವರಿಗೂ ಇದೇ ಮಾತು.

4. ಉಪ್ಪು. ನಮ್ಮ ಮನೆಗಳಲ್ಲಿ ಹಿರಿಯರ ರಕ್ತದೊತ್ತಡಕ್ಕೆಂದು ಅಡಿಗೆಗೆ ಉಪ್ಪು ಕಡಿಮೆ ಹಾಕುವುದುಂಟು. ಈ ಮಗುವಿಗೆ ಆ ನಿಯಮ ಸಲ್ಲದು. ಬಿಸಿಲಲ್ಲಿ ಬರೀ ನೀರು ಕುಡಿಸಿದರೆ ಸಾಲದು. ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ಒಂದು ಲೀಟರ್ ನೀರಿಗೆ ಕದಡಿದ ಓ.ಆರ್.ಎಸ್. ಪೊಟ್ಟಣ ಇವು ಬೇಕು. ಬೆವರಿನಲ್ಲಿ ಉಪ್ಪು ಸೋರಿಹೋಗುವುದರಿಂದ ಇವರಿಗೆ ಬಾಯಾರಿಕೆ ಸರಿಯಾಗಿ ತೋರುವುದಿಲ್ಲ. ಆದುದರಿಂದ ಕೇಳುವವರೆಗೆ ಕಾಯಬೇಡಿ. ಎಷ್ಟು ಉಪ್ಪು ಎಂಬುದನ್ನು ವೈದ್ಯರು ತೂಕ ನೋಡಿ ಹೇಳುತ್ತಾರೆ.

ಹೊಲದಲ್ಲಿ ಯಾವುದು ಸರಿ, ಯಾವುದು ಬೇಡ?

ಹೊಲಕ್ಕೆ ಕಳುಹಿಸಬಾರದು ಎಂದು ನಾವು ಹೇಳುವುದಿಲ್ಲ. ತಂಪು ಹೊತ್ತಿನಲ್ಲಿ ಆಡು ಕುರಿಗಳ ಹಿಂದೆ ನಡೆದು ಬರಲಿ, ಬೀನ್ಸ್, ಟೊಮೇಟೊ ಬಿಡಿಸಲಿ. ನಿಂತು, ನಡೆದು ಮಾಡುವ ಕೆಲಸ ಒಳ್ಳೆಯದು. ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವುದು, ತಲೆಯ ಮೇಲೆ ಭಾರದ ಹೊರೆ ಹೊರುವುದು ಬೇಡ.

ಬೂಷ್ಟು ಹಿಡಿದ ಹುಲ್ಲಿನ ಮೆದೆ, ತಿಪ್ಪೆಗುಂಡಿ, ರಾಗಿ ಒಕ್ಕುವ ಧೂಳು, ಒಲೆಯ ಹೊಗೆ, ಬೀಡಿಯ ಹೊಗೆ ಇವುಗಳಿಂದ ಈ ಮಕ್ಕಳನ್ನು ದೂರ ಇಡಬೇಕು. ಬೂಷ್ಟಿನ ಬೀಜಕಣಗಳು ಶ್ವಾಸಕೋಶದಲ್ಲಿ ನೆಲೆನಿಂತು ತೊಂದರೆ ಕೊಡುತ್ತವೆ. ನಿಂತ ನೀರಿನಲ್ಲೂ ಕೊಳೆತ ಈರುಳ್ಳಿಯಲ್ಲೂ ಬೇರೆ ಶತ್ರುಗಳಿವೆ. ಈರುಳ್ಳಿ ಬೆಳೆಯುವ ನೀವು ಇದನ್ನು ಕೇಳಬೇಕು. ಗಡ್ಡೆಯ ಸಿಪ್ಪೆಯ ಒಳಗೆ ಹುಳಿವಾಸನೆಯ ಕೊಳೆ ತರುವ ಒಂದು ಬ್ಯಾಕ್ಟೀರಿಯಾವನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞ ವಾಲ್ಟರ್ ಬರ್ಕ್‌ಹೋಲ್ಡರ್ 1950ರಲ್ಲಿ ವಿವರಿಸಿದರು. ಲ್ಯಾಟಿನ್ ಭಾಷೆಯಲ್ಲಿ ಈರುಳ್ಳಿಗೆ ಇರುವ ಹೆಸರಿನಿಂದಲೇ ಅದಕ್ಕೆ ಸೆಪೇಸಿಯಾ ಎಂದು ಹೆಸರಾಯಿತು. ಮುಂದೆ ಅದೇ ಜಾತಿಯ ಬ್ಯಾಕ್ಟೀರಿಯಾ ಈ ರೋಗಿಗಳ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಕೆಲವರನ್ನು ಅದು ಬಹುಬೇಗ ಇಳಿಸಿಬಿಡುತ್ತದೆ ಎಂದು 1984ರಲ್ಲಿ ಕೆನಡಾದ ಟೊರಾಂಟೊ ವೈದ್ಯರು ವರದಿ ಮಾಡಿದರು. ಆರೋಗ್ಯವಂತರಿಗೆ ಸಾಮಾನ್ಯವಾಗಿ ಅದರಿಂದ ತೊಂದರೆಯಿಲ್ಲ. ಈರುಳ್ಳಿ ತಿನ್ನಬಾರದು ಎಂದೂ ಅರ್ಥವಲ್ಲ. ಕೊಳೆತ ಗಡ್ಡೆಗಳನ್ನು ಆರಿಸುವ ಕೆಲಸಕ್ಕೆ ಈ ಮಕ್ಕಳನ್ನು ಕೂರಿಸಬೇಡಿ, ಅಷ್ಟೆ. ಇಂಥ ರೋಗಾಣುಗಳು ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ ದಾಟುವುದರಿಂದ, ಇದೇ ರೋಗವಿರುವ ಇಬ್ಬರನ್ನು ಆಸ್ಪತ್ರೆಯಲ್ಲಿ ದೂರ ದೂರ ಇರಿಸುತ್ತಾರೆ. ಅದನ್ನು ಅವಮಾನವೆಂದು ತಿಳಿಯಬೇಡಿ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಹುಟ್ಟಿದಾಗಿನಿಂದ ಬಿಡದ ಕೆಮ್ಮು, ಪದೇ ಪದೇ ನ್ಯುಮೋನಿಯಾ, ಚೆನ್ನಾಗಿ ಉಂಡರೂ ಏರದ ತೂಕ, ಜಿಡ್ಡು ಜಿಡ್ಡಾದ ದುರ್ವಾಸನೆಯ ಮಲ, ಉಪ್ಪು ರುಚಿಯ ಮೈ, ಉಗುರಿನ ಬುಡ ದುಂಡಗೆ ಉಬ್ಬಿದ ಬೆರಳು ತುದಿ, ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಬೆವರಿನ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಕಫದಲ್ಲಿ ಕ್ಷಯದ ಪರೀಕ್ಷೆಯನ್ನೂ ತಪ್ಪಿಸಬೇಡಿ. ನಮ್ಮ ದೇಶದಲ್ಲಿ ಅದು ಮೊದಲು ನೋಡಬೇಕಾದುದೇ. ಆದರೆ ಕ್ಷಯದ ಔಷಧಿ ಮುಗಿದರೂ ಕೆಮ್ಮು ಹೋಗದಿದ್ದರೆ ಅಲ್ಲಿಗೇ ಬಿಡಬೇಡಿ. ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಈ ರೋಗದ ಪರೀಕ್ಷೆ, ಆರೈಕೆ ಎರಡೂ ಇವೆ. ರೋಗ ತಿಳಿದ ಮಗುವಿಗೆ ಕಫದಲ್ಲಿ ರಕ್ತ, ಏಕಾಏಕಿ ಎದೆನೋವಿನ ಜೊತೆ ಏದುಸಿರು, ಜ್ವರ, ಬಿಸಿಲಲ್ಲಿ ವಾಂತಿ, ಸುಸ್ತು ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸಂತ ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಹದಿನೆಂಟು ವರ್ಷ ನಡು ಬಗ್ಗಿಹೋಗಿದ್ದ ಒಬ್ಬ ಹೆಂಗಸಿನ ಕಥೆ ಬರುತ್ತದೆ. ಪ್ರಾರ್ಥನಾಮಂದಿರದ ಅಧಿಕಾರಿ ನಿಯಮ ಹೇಳುತ್ತಾ ಕೋಪಿಸಿಕೊಂಡ. ಪ್ರಭು ಯೇಸು ಆಕೆಯನ್ನು ಹತ್ತಿರ ಕರೆದು ಕೈಯಿಟ್ಟರು. ಕೊಟ್ಟಿಗೆಯ ಎತ್ತನ್ನು ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವ ನೀವು ಇವಳ ಕಟ್ಟನ್ನು ಬಿಚ್ಚಬಾರದೇ ಎಂಬ ಅರ್ಥದಲ್ಲಿ ಕೇಳಿದರು. ಆ ಕಥೆಯ ಮೇಲೆ ನಾವು ಎಷ್ಟೋ ಸಲ ಪ್ರಬೋಧನೆ ಮಾಡಿದ್ದೇವೆ. ನಮ್ಮ ಪೀಠದ ಬಳಿಯೇ ನಡು ಬಗ್ಗಿದ್ದ ಹುಡುಗನ ಮುಂದೆ ಮಾತ್ರ ಆ ಅಧಿಕಾರಿಯ ಪಾತ್ರ ವಹಿಸಿದೆವು. ಅವನ ಬಳಿ ಹೋಗಿ ಕ್ಷಮೆ ಕೇಳಿದ್ದೇವೆ.

ಈಗ ಪೀಠದ ಪಕ್ಕದಲ್ಲಿ ಅವನಿಗೊಂದು ಸ್ಟೂಲ್ ಇದೆ, ದಣಿದಾಗ ಕೂರುತ್ತಾನೆ. ಕೈಗಳನ್ನು ತಲೆಯ ಮೇಲೆ ಎತ್ತುವ ಅಭ್ಯಾಸ ಅವನಿಗೆ ಬೇಸರ ತರುತ್ತಿತ್ತು. ಅದಕ್ಕಾಗಿ ಸಂಜೆಯ ತ್ರಿಕಾಲ ಪ್ರಾರ್ಥನೆಯ ಗಂಟೆ ಹೊಡೆಯುವ ಕೆಲಸವನ್ನು ಅವನಿಗೇ ಒಪ್ಪಿಸಿದ್ದೇವೆ. ಎರಡೂ ಕೈ ಮೇಲೆ ಚಾಚಿ ಹಗ್ಗ ಎಳೆಯುತ್ತಾನೆ. ರೋಗ ಹೋಗಿಲ್ಲ, ಕೆಮ್ಮೂ ಇದೆ. ಒಮ್ಮೊಮ್ಮೆ ಗಂಟೆ ನಡುವೆ ನಿಂತು ಮತ್ತೆ ಶುರುವಾಗುತ್ತದೆ. ಹೊಲದಲ್ಲಿದ್ದಾಗ ಅದು ನಿಮ್ಮ ಕಿವಿಗೆ ಬಿದ್ದರೆ, ಅವನು ಉಸಿರು ತೆಗೆದುಕೊಳ್ಳುತ್ತಿದ್ದಾನೆ ಎಂದು ತಿಳಿದು ಅವನಿಗಾಗಿ ಒಂದು ನಮೋ ಮರಿಯ ಹೇಳಿ.

ದೇವರು ನಿಮ್ಮೆಲ್ಲರನ್ನೂ ನಿಮ್ಮ ಮಕ್ಕಳನ್ನೂ ಹರಸಲಿ.